ಮೂರನೆಯ ಬಣ್ಣದ ಬೋಗಿ

ನಮ್ಮ ಹಿತ್ತಲಲ್ಲಿ ಬಟ್ಟೆ ಹಾಕುವ ಹಗ್ಗದ ಮೇಲೆ ಈಗ ರೈಲು ಒಣಗುತ್ತದೆ. ಸುಳ್ಳಲ್ಲ, ಬಂದು ನೋಡಿ. ನನ್ನ ಸೀರೆಯ ಪಕ್ಕದಲ್ಲೇ ಗೇಣುದ್ದದ ಬೋಗಿಗಳು ಕ್ಲಿಪ್ಪು ಕಚ್ಚಿಕೊಂಡು ಸಾಲಾಗಿ ನೇತಾಡುತ್ತಿರುತ್ತವೆ. ಮೊದಲ ದಿನ ಇದನ್ನು ನೋಡಿದ ಹಾಲಿನವನು, "ಏನಜ್ಜಿ, ರೈಲ್ನೂ ಒಗ್ದು ಹಾಕಿದೀರಲ್ಲ" ಅಂದ.

"ಹೂಂ ಕಣಪ್ಪ, ನಿನ್ ಕ್ಯಾನೂ ಕೊಡು, ಅದ್ರಾಗೆ ನೀರು ಬಿಟ್ಟು ಬ್ಯಾರೆ ಏನಾರ ಐತಾ ಜಾಲಿಸಿ ನೋಡನ" ಅಂದೆ. ಅವತ್ತಿನಿಂದ ಅವನು ರೈಲಿನ ಸುದ್ದಿ ಎತ್ತಿಲ್ಲ.

ಈ ಬೋಗಿಗಳನ್ನು ಮಾಡುವವಳು ನನ್ನ ಮಗಳ ಮಗಳು ಚೈತ್ರ. ಹಾಸನದಲ್ಲಿ ಡಿಪ್ಲೊಮಾ ಓದಿದಳು, ಪ್ಲಾಸ್ಟಿಕ್ ಅಚ್ಚು ಮಾಡುವ ಕಡೆ ಮೂರು ವರ್ಷ ಕೈ ಪಳಗಿಸಿಕೊಂಡಳು, ಈಗ ಅರಸೀಕೆರೆಯ ನಮ್ಮ ಹಿತ್ತಲಲ್ಲೇ ಶೆಡ್ ಹಾಕಿಕೊಂಡು ಕೂತಿದ್ದಾಳೆ. ಪಕ್ಕದ ಬೀದಿಯ ಇಬ್ಬರು ಹುಡುಗಿಯರು ಅವಳ ಜೊತೆ ಕೆಲಸಕ್ಕೆ ಬರುತ್ತಾರೆ. ಮೊದಮೊದಲು ನಾನು ಇವನ್ನು ಆಟದ ಸಾಮಾನು ಅಂದುಕೊಂಡಿದ್ದೆ. ಹಾಗೆ ಅಂದರೆ ಅವಳಿಗೆ ಕೋಪ. ಇವು ಮಕ್ಕಳಿಗಲ್ಲವಂತೆ, ದೊಡ್ಡವರಿಗಂತೆ. ಮಹಡಿಯ ಮೇಲೆ ಒಂದು ಕೋಣೆ ಖಾಲಿ ಮಾಡಿಕೊಂಡು, ಹಲಗೆ ಹಾಸಿ, ಹಳಿ ಜೋಡಿಸಿ, ಸ್ಟೇಷನ್ನು, ಸುರಂಗ, ಗಿಡ ಮರ ಎಲ್ಲ ಇಟ್ಟು, ಅದರ ಮೇಲೆ ರೈಲು ಓಡಿಸುವ ಗಂಡಸರು ಇದ್ದಾರಂತೆ. ನಿವೃತ್ತಿಯಾದವರು, ಡಾಕ್ಟರುಗಳು, ಲಾಯರುಗಳು. ಹೆಂಡತಿಯರು ಏನನ್ನುತ್ತಾರೋ ಗೊತ್ತಿಲ್ಲ. ನಿಜವಾದ ಬೋಗಿಯಲ್ಲಿ ಕಿಟಕಿಯ ಸರಳು ಒಂದು ಕಡಿಮೆಯಿದ್ದರೆ ರೈಲ್ವೆಯವರು ಕೇಳದೆ ಇದ್ದಾರು, ಇವರು ಕೇಳದೆ ಬಿಡುವುದಿಲ್ಲ.

ಒಂದು ಸಲಕ್ಕೆ ಚೈತ್ರ ಮೂರೇ ಬಣ್ಣದ ಬೋಗಿ ಮಾಡಬಲ್ಲಳು. ಬಣ್ಣ ಅಂದರೆ ಡಬ್ಬಿ ತೆಗೆದು ಬಳಿಯುವುದಲ್ಲ. ಪ್ರತಿ ಬಣ್ಣಕ್ಕೂ ಪಟ್ಟಿ ಎಲ್ಲಿಂದ ಎಲ್ಲಿಗೆ ಬರಬೇಕು ಎಂದು ಟೇಪು ಕತ್ತರಿಸಬೇಕು, ಅಕ್ಷರ ಅಂಟಿಸಬೇಕು, ಬಣ್ಣ ಹೊಡೆಯುವ ಗನ್ನು ಇರುವುದೊಂದೇ, ಅದನ್ನು ಪ್ರತಿ ಸಲ ಬಿಚ್ಚಿ ತೊಳೆಯಬೇಕು. ಹೋದ ಸಲ ಅವಳು ಒಂದಷ್ಟು ಹಸಿರು ಬೋಗಿಗಳನ್ನು ಮಾಡಿದ್ದಳು. ಯಾರಿಗೂ ಬೇಡವಾಯಿತು. ಅವೆಲ್ಲ ಶೆಡ್ಡಿನ ಅಟ್ಟದ ಮೇಲೆ ಕಾಗದ ಸುತ್ತಿಕೊಂಡು ಮಲಗಿವೆ.

"ಈ ಸಲಾನೂ ಒಂದು ಬಣ್ಣ ಕೈ ಕೊಟ್ರೆ ಶೆಡ್ಡಿಗೆ ಬೀಗ ಅಜ್ಜಿ" ಎಂದು ಚೈತ್ರ ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದ ನನ್ನ ಮುಂದೆ ಬಂದು ಕೂತಳು. ಅಳುವ ಹುಡುಗಿಯಲ್ಲ. ಹವಾಮಾನ ಹೇಳಿದ ಹಾಗೆ ಹೇಳಿದಳು. ಅದಕ್ಕೇ ನಾನು ರೊಟ್ಟಿ ಬಿಟ್ಟು ಕಿವಿ ಕೊಟ್ಟೆ.

ಎರಡು ಬಣ್ಣ ತೀರ್ಮಾನವಾಗಿದ್ದವು. ಒಂದು ನೀಲಿ, ಮೂವತ್ತು ವರ್ಷದಿಂದ ಎಲ್ಲ ಕಡೆ ಓಡಾಡಿದ್ದು. ಇನ್ನೊಂದು ಈಗಿನ ಕೆಂಪು ಬೂದಿ ಬಣ್ಣದ್ದು. ಮೂರನೆಯದು ಯಾವುದು ಎನ್ನುವುದೇ ಪ್ರಶ್ನೆ. ಮೂರೂ ಬಣ್ಣ ಬರೆದ ಪಟ್ಟಿ ಸೋಮವಾರದೊಳಗೆ ಮೈಸೂರಿಗೆ ಹೋಗಬೇಕು. ಅಲ್ಲಿ ಒಬ್ಬ ರಾಯರಿದ್ದಾರೆ, ನಿವೃತ್ತ ಎಂಜಿನಿಯರು, ಈ ರೈಲು ಹುಚ್ಚಿನವರ ಗುಂಪಿಗೆ ಅವರೇ ಹಿರಿಯರು. ಅವರು ಹೂಂ ಅಂದರೆ ಗುಂಪಿಗೆ ಗುಂಪೇ ಕೊಳ್ಳುತ್ತದೆ. ಊಹೂಂ ಅಂದರೆ ಅಟ್ಟದ ಮೇಲೆ ಹಸಿರು ಬೋಗಿಗಳಿಗೆ ಜೊತೆ ಸಿಗುತ್ತದೆ.

"ಹೊಸದಾಗಿ ಬಂದಿದೆಯಲ್ಲ ಅಜ್ಜಿ, ಬಿಳಿ ನೀಲಿದು, ಅದು ಮಾಡ್ಲಾ?" ಅಂದಳು.

"ಅದ್ರ ಕಿಟಕಿ ತಗೀತಾರೇನೇ?"

"ಇಲ್ಲ, ಅದು ಏಸಿ."

"ಹಂಗಾರೆ ಬ್ಯಾಡ."

"ಮಾಡೆಲ್ ಅಜ್ಜಿ ಅದು. ಕಿಟಕಿ ಯಾರು ತಗೀತಾರೆ?"

ಬೋಗಿಗಳ ವಿಚಾರದಲ್ಲಿ ನನ್ನ ಕಾನೂನು ಇದೊಂದೇ, ಅದು ಎಲ್ಲಿಂದ ಬಂತು ಎಂದು ಹೇಳಿಬಿಡುತ್ತೇನೆ. ನಾನು ಅರಸೀಕೆರೆ ಸ್ಟೇಷನ್ನಿನಲ್ಲಿ ಇಪ್ಪತ್ತೆಂಟು ವರ್ಷ ಸೌತೆಕಾಯಿ, ಹುರಿದ ಕಡಲೆಕಾಯಿ ಮಾರಿದವಳು. ಬುಟ್ಟಿ ತಲೆಯ ಮೇಲಿಟ್ಟುಕೊಂಡು ಕಿಟಕಿಯಿಂದ ಕಿಟಕಿಗೆ ಓಡುವುದು ನಮ್ಮ ವ್ಯಾಪಾರ. ಕಿಟಕಿ ತೆರೆದಿದ್ದರೆ ಜನ, ಮುಚ್ಚಿದ್ದರೆ ತಗಡು, ಅಷ್ಟೇ. ಗಾಜು ಬಿಗಿದ ಬೋಗಿಗಳು ಬಂದ ಮೇಲೆ ಒಳಗಿನವರು ನಮ್ಮನ್ನು ನೋಡುತ್ತಾರೆ, ನಾವು ಅವರನ್ನು ನೋಡುತ್ತೇವೆ, ನಡುವೆ ಸೌತೆಕಾಯಿ ಬಾಡುತ್ತದೆ. ಆ ಬಿಳಿ ರೈಲು ನಮ್ಮೂರಲ್ಲಿ ನಿಂತರೂ ಒಂದೇ, ನಿಲ್ಲದಿದ್ದರೂ ಒಂದೇ.

ಒಂದು ಸಲ ನಾನೂ ಹಠ ಹಿಡಿದೆ. ಗಾಜಿನ ಬೋಗಿಯೊಳಗೇ ಹತ್ತಿ ಮಾರಿಬಿಡುತ್ತೇನೆ ಎಂದು ಬುಟ್ಟಿ ಸಮೇತ ನುಗ್ಗಿದೆ. ಒಳಗೆ ಐಸಿನಂಥ ಗಾಳಿ, ಪರದೆ, ಎಲ್ಲರೂ ಹೊದ್ದುಕೊಂಡು ಮಲಗಿದ್ದಾರೆ. ಆಸ್ಪತ್ರೆಯ ವಾರ್ಡಿಗೆ ಬಂದ ಹಾಗಾಯಿತು. ಮೆಲ್ಲಗೆ "ಸೌತೆಕಾಯಿ" ಎಂದೆ. ಒಬ್ಬರು ಮುಸುಕು ತೆಗೆದು, "ಇಲ್ಲಿ ಸೂಪ್ ಸಿಗುತ್ತಾ?" ಎಂದು ಕೇಳಿದರು. ಅವರಿಗೆ ಉತ್ತರ ಹುಡುಕುವುದರೊಳಗೆ ಗಾಡಿ ಹೊರಟಿತ್ತು. ಬಾಣಾವರ ದಾಟಿ ಎಲ್ಲೋ ಇಳಿಸಿದರು. ವಾಪಸ್ಸು ಬರುವ ಬಸ್ಸಿನ ಕಂಡಕ್ಟರನಿಗೇ ಅರ್ಧ ಬುಟ್ಟಿ ಮಾರಿ ಮನೆಗೆ ಬಂದೆ.

ಬಣ್ಣ ಆರಿಸುವುದು ಎಂದರೆ ನನಗೆ ನೆನಪಾಗುವುದು ನಮ್ಮಪ್ಪ. ನನ್ನ ತವರು ಹಾರನಹಳ್ಳಿ. ಸಂಕ್ರಾಂತಿಗೆ ಎತ್ತಿನ ಕೊಂಬಿಗೆ ಬಣ್ಣ ಬಳಿಯಬೇಕಲ್ಲ, ಊರವರೆಲ್ಲ ಯಾವ ಬಣ್ಣ ಎಂದು ವಾರದಿಂದ ಮಾತಾಡುತ್ತಿದ್ದರು. ನಮ್ಮಪ್ಪ ಹಬ್ಬದ ಹಿಂದಿನ ಸಂಜೆ ಅಂಗಡಿಗೆ ಹೋಗಿ, ಯಾರಿಗೂ ಬೇಡವಾಗಿ ತಳದಲ್ಲಿ ಉಳಿದ ಡಬ್ಬಿಗಳನ್ನು ತರುತ್ತಿದ್ದ. ಒಂದು ವರ್ಷ ಒಂದೇ ಎತ್ತಿಗೆ ಒಂದು ಕೊಂಬು ಕೇಸರಿ, ಇನ್ನೊಂದು ಕೊಂಬು ಬೂದು ಬಣ್ಣ. ನಾನು ಅವಮಾನದಿಂದ ಮನೆಯೊಳಗೆ ಕೂತಿದ್ದೆ. ಆ ಎತ್ತು ಮಾತ್ರ ಬೀದಿಯ ತುಂಬ ಗತ್ತಿನಿಂದ ನಡೆದುಹೋಯಿತು. ಅದಕ್ಕೆ ತನ್ನ ಕೊಂಬು ತನಗೆ ಕಾಣುವುದಿಲ್ಲವಲ್ಲ.

ಇರಲಿ, ಮಾತು ಎತ್ತಿನ ಹಿಂದೆ ಹೋಯಿತು. ಮೂರನೆಯ ಬಣ್ಣಕ್ಕೆ ಬರುತ್ತೇನೆ.

"ಚಿಕ್ಕ ಹಳಿ ಮೇಲೆ ಹಾಸನಕ್ಕೆ ಹೋಗ್ತಿತ್ತಲ್ಲ, ಆ ಬೋಗಿ ಮಾಡೇ. ನಮ್ಮೂರ ರೈಲು ಅಂದ್ರೆ ಅದೇಯ" ಎಂದೆ.

ಚೈತ್ರ ಆ ಬೋಗಿಯ ಅಚ್ಚನ್ನು ತಾನು ವರ್ಷದ ಹಿಂದೆಯೇ ಮಾಡಿಟ್ಟಿದ್ದೇನೆ ಎಂದಳು. ರಾಯರು ಕೊಟ್ಟ ಹಳೆಯ ನಕ್ಷೆ ನೋಡಿ ಮಾಡಿದ್ದು. ಆದರೆ ನಕ್ಷೆಯಲ್ಲಿ ಬಣ್ಣವಿಲ್ಲ, ಸಿಕ್ಕ ಫೋಟೋಗಳೆಲ್ಲ ಕಪ್ಪು ಬಿಳುಪು. ಕೆಂಪು ಜಾತಿಯ ಬಣ್ಣ ಎನ್ನುವುದು ಎಲ್ಲರಿಗೂ ಗೊತ್ತು. ಎಂಥ ಕೆಂಪು ಎನ್ನುವಲ್ಲಿ ಜಗಳ. ರಾಯರ ಪ್ರಕಾರ ಅದು ಕುಂಕುಮದಂಥ ಕೆಂಪು. ಎಲ್ಲೋ ಪ್ರದರ್ಶನಕ್ಕೆ ಇಟ್ಟಿರುವ ಬೋಗಿಯನ್ನು ನೋಡಿ ಬಂದಿದ್ದಾರಂತೆ.

"ಕುಂಕುಮಾನಾ?" ನನಗೆ ನಗು ಬಂತು. "ಅದು ಸುಟ್ಟ ಇಟ್ಟಿಗೆ ಬಣ್ಣ ಕಣೇ. ಕರಿ ಮುಟ್ಟಿದ ಇಟ್ಟಿಗೆ. ಇಪ್ಪತ್ತೆಂಟು ವರ್ಷ ಮುಖಕ್ಕೆ ಮುಖ ಇಟ್ಕಂಡು ನೋಡಿವ್ನಿ."

"ಖಂಡಿತಾನಾ ಅಜ್ಜಿ?"

"ನಿಮ್ಮಜ್ಜನ ಮುಖ ಮರ್ತೇನು, ಅದ್ನ ಮರೆಯಾಕಿಲ್ಲ."

ಇದು ಉತ್ಪ್ರೇಕ್ಷೆಯಲ್ಲ. ನನ್ನ ಗಂಡ ಮನೆಯಲ್ಲಿದ್ದದ್ದಕ್ಕಿಂತ ನಾನು ಪ್ಲಾಟ್‌ಫಾರಂನಲ್ಲಿ ಇದ್ದದ್ದೇ ಹೆಚ್ಚು.

ಬಾಯಲ್ಲಿ ಹೇಳಿದರೆ ರಾಯರು ಒಪ್ಪುವುದಿಲ್ಲ ಎಂದು ಅಡುಗೆಮನೆಯಲ್ಲೇ ಬಣ್ಣ ಕಲಸಲು ಕೂತೆ. ತಟ್ಟೆಗೆ ಕುಂಕುಮ ಹಾಕಿದೆ, ಕಾಫಿ ಡಿಕಾಕ್ಷನ್ ಬಿಟ್ಟೆ, ಒಲೆಯ ಮಸಿ ಸೇರಿಸಿದೆ, ಸಾಲದು ಎನಿಸಿ ಒಂದು ಚಮಚ ಹುಣಸೆರಸ. ಕಲಸಿ ಕಲಸಿ ನನ್ನ ಕಣ್ಣಿಗೆ ಸರಿ ಕಂಡ ಮೇಲೆ, "ಇದೇಯ, ಹೊಡಿ ಫೋಟೋ" ಎಂದೆ. ಚೈತ್ರ ರಾಯರಿಗೆ ಕಳಿಸಿದಳು. ಅವರು ಆಗಲೇ ಫೋನ್ ಮಾಡಿದರು. ಚೈತ್ರ ನನಗೂ ಕೇಳಲಿ ಎಂದು ಫೋನನ್ನು ಸ್ಪೀಕರಿಗೆ ಹಾಕಿದಳು.

"ಏನಮ್ಮಾ ಚೈತ್ರ, ಇದು ಬೋಗಿಗೆ ಬಳಿಯೋದಾ, ಅನ್ನಕ್ಕೆ ಕಲಸೋದಾ?"

"ನಮ್ಮಜ್ಜಿ ಹೇಳಿದ್ದು ಸರ್. ಅವರು ಸ್ಟೇಷನ್ನಲ್ಲಿ ಬಹಳ ವರ್ಷ..."

"ಗೊತ್ತಮ್ಮ, ಸೌತೆಕಾಯಿ ಮಾರ್ತಿದ್ರು ಅಂದಿದ್ದೆ. ಗೌರವ ಇದೆ. ಆದ್ರೆ ಬಣ್ಣದ ವಿಷ್ಯ ಬೇರೆ. ಕಣ್ಣಿನ ನೆನಪು ನಂಬಕ್ಕಾಗಲ್ಲ. ಸಾಕ್ಷಿ ಬೇಕು. ಸಾಕ್ಷಿ ಇಲ್ಲ ಅಂದ್ರೆ ನಾನು ಹೇಳಿದ ಕೆಂಪು ಹೊಡಿ, ಇಲ್ಲಾಂದ್ರೆ ಆ ಬೋಗಿ ಕೈ ಬಿಡು."

ಕೋಪ ಬಂದಾಗ ನಾನು ಮಾತಾಡುವುದಿಲ್ಲ, ಪಾತ್ರೆ ತೊಳೆಯುತ್ತೇನೆ. ಅವತ್ತು ತೊಳೆದ ಪಾತ್ರೆಗಳನ್ನೇ ಇನ್ನೊಂದು ಸಲ ತೊಳೆದೆ. ತಟ್ಟೆಯಲ್ಲಿದ್ದ ಆ ಬಣ್ಣ ಹೋಗಲು ಬಹಳ ತಿಕ್ಕಬೇಕಾಯಿತು. ಅಷ್ಟು ಹೊತ್ತಿಗೆ ನಿಂಗಮ್ಮನ ಕೊಟ್ಟಿಗೆ ನೆನಪಾಯಿತು.

ನಿಂಗಮ್ಮ ನನ್ನ ನಾದಿನಿ, ಹಗರೆಗೆ ಕೊಟ್ಟಿದ್ದು. ಚಿಕ್ಕ ಹಳಿ ಕಿತ್ತು ದೊಡ್ಡ ಹಳಿ ಹಾಕಿದ ಕಾಲದಲ್ಲಿ ಹಳೆಯ ಬೋಗಿಗಳನ್ನು ಒಡೆದು ಗುಜರಿಗೆ ಹಾಕಿದರು. ಆಗ ಸುತ್ತಮುತ್ತಲ ಜನ ಸಿಕ್ಕಿದ್ದನ್ನು ಕೊಂಡರು. ಕೆಲವರು ಸೀಟಿನ ಹಲಗೆ ತಂದು ಜಗಲಿಗೆ ಹಾಕಿದರು, ಕೆಲವರು ಸಾಮಾನಿಡುವ ಕಬ್ಬಿಣದ ಕಟ್ಟು ತಂದು ಹಿತ್ತಲಲ್ಲಿ ಸೋರೆಬಳ್ಳಿ ಹಬ್ಬಿಸಿದರು. ನಿಂಗಮ್ಮನ ಗಂಡ ಒಂದು ಬಾಗಿಲು ತಂದು ಕೊಟ್ಟಿಗೆಗೆ ಹಾಕಿದ್ದರು.

"ಭಾನುವಾರ ಸ್ಕೂಟರಲ್ಲಿ ಕರ್ಕೊಂಡು ಹೋಗ್ತೀನಿ ಅಜ್ಜಿ" ಎಂದಳು ಚೈತ್ರ.

"ಭಾನ್ವಾರಕ್ಕೆ ಹೋದ್ರೆ ಸೋಮ್ವಾರಕ್ಕೆ ಏನ್ ಪಟ್ಟಿ ಬರೀತೀಯ? ನಾಳೀಕೇ ಹೋಗ್ಬತ್ತೀನಿ. ನೀನು ನೀಲಿ ಹೊಡಿ."

ಮಾರನೆಯ ಬೆಳಿಗ್ಗೆ ಜಾವಗಲ್ ಮೇಲೆ ಹಳೇಬೀಡಿಗೆ ಹೋಗುವ ಬಸ್ಸು ಹತ್ತಿದೆ. ಚೀಲದಲ್ಲಿ ಒಂದು ಹಳೆಯ ಕುಡುಗೋಲು, ಉಪ್ಪುಕಾಗದ, ನಿಂಗಮ್ಮನಿಗೆ ಎರಡು ತೆಂಗಿನಕಾಯಿ. ಹಳೇಬೀಡಿನಲ್ಲಿ ಹಗರೆಯ ಬಸ್ಸಿಗೆ ಕಾಯುತ್ತ ನಿಂತಾಗ ಒಬ್ಬ ಗೈಡು ಹತ್ತಿರ ಬಂದ.

"ದೇವಸ್ಥಾನ ನೋಡ್ಬೇಕಾ ಅಜ್ಜಿ? ಒಂದೊಂದು ಶಿಲ್ಪಾನೂ ಬಿಡಿಸಿ ಹೇಳ್ತೀನಿ."

"ನಾನು ಹಗರೇಲಿ ಒಂದು ಕೊಟ್ಟಿಗೆ ಬಾಗ್ಲು ನೋಡಕ್ಕೆ ಹೋಯ್ತಾ ಇವ್ನಿ ಕಣಪ್ಪ."

ಅವನು ನನ್ನನ್ನು ಒಂದು ಕ್ಷಣ ನೋಡಿ ಬೇರೆಯವರ ಕಡೆ ಹೋದ. ಕಟ್ಟಿದವರು ಪುಣ್ಯವಂತರು, ಕಲ್ಲನ್ನು ಕಲ್ಲಿನ ಬಣ್ಣದಲ್ಲೇ ಬಿಟ್ಟರು. ಬಣ್ಣ ಬಳಿದಿದ್ದರೆ ಎಂಥ ಕೆಂಪು ಎಂದು ಇವತ್ತಿಗೂ ಅಲ್ಲಿ ರಾಯರುಗಳು ಜಗಳ ಕಾಯುತ್ತಿದ್ದರು.

ನಿಂಗಮ್ಮ ನನ್ನನ್ನು ನೋಡಿ, "ಏನತ್ತಿಗೆ, ಹೇಳ್ದೆ ಕೇಳ್ದೆ? ಯಾರಾರ ಹೋಗ್ಬುಟ್ರಾ?" ಎಂದಳು. ನಾವಿಬ್ಬರೂ ಸಾವಿನ ಸುದ್ದಿ ಇಲ್ಲದೆ ಒಬ್ಬರ ಮನೆಗೆ ಒಬ್ಬರು ಹೋಗುವುದು ಕಡಿಮೆ.

"ಯಾರೂ ಹೋಗಿಲ್ಲ. ನಿನ್ ಕೊಟ್ಟಿಗೆ ಬಾಗ್ಲು ಕೆರೀಬೇಕು."

"ಬಾಗ್ಲು ಕೆರೆಯಾಕೆ ಅರಸೀಕೆರೆಯಿಂದ ಬಂದ್ರಾ? ನಮ್ಮೂರಲ್ಲಿ ಯಾರೂ ಇರ್ನಿಲ್ವಾ?"

ಹೇಳಿದೆ. ಅವಳಿಗೆ ಅರ್ಥವಾಗಿದ್ದು ಇಷ್ಟು: ಮೈಸೂರಿನವರು ಯಾರೋ ಅತ್ತಿಗೆಗೆ ಅವಮಾನ ಮಾಡಿದ್ದಾರೆ. ಸಾಕಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳೂ ಒಂದು ಚಾಕು ತಂದಳು.

ಬಾಗಿಲು ತಗಡಿನದು, ಆಳೆತ್ತರ, ಮೇಲೆ ಒಂದು ಕಿಟಕಿ. ಅಂಗಳಕ್ಕೆ ಮುಖ ಮಾಡಿದ್ದ ಕಡೆ ನಿಂಗಮ್ಮ ಹಬ್ಬಕ್ಕೊಂದು ಸಲ ಬಳಿದ ನೀಲಿ ಇತ್ತು. ಕೆರೆದೆವು. ನೀಲಿಯ ಕೆಳಗೆ ಇನ್ನೊಂದು ನೀಲಿ. ಅದರ ಕೆಳಗೆ ಸುಣ್ಣ. ಸುಣ್ಣದ ಕೆಳಗೆ, ತಗಡಿಗೆ ಅಂಟಿಕೊಂಡು, ಕೆನೆಯ ಬಣ್ಣ. ಹಾಲು ಕಾಯಿಸಿದಾಗ ಮೇಲೆ ಕಟ್ಟುತ್ತದಲ್ಲ, ಆ ಬಣ್ಣ.

ಇನ್ನೊಂದು ಕಡೆ ಕೆರೆದೆ. ಕೆನೆ. ಕೆಳಗಡೆ ಕೆರೆದೆ. ಕೆನೆ. ನನ್ನ ಕೈ ನಿಂತುಹೋಯಿತು. ಇಟ್ಟಿಗೆಯೂ ಇಲ್ಲ, ಕುಂಕುಮವೂ ಇಲ್ಲ. ನಾನು ಇಪ್ಪತ್ತೆಂಟು ವರ್ಷ ಯಾವ ರೈಲು ನೋಡಿದೆ? ನಿಂಗಮ್ಮ ನನ್ನ ಮುಖ ನೋಡಿ ನೀರು ತಂದುಕೊಟ್ಟಳು.

"ಹೋಗ್ಲಿ ಬುಡಿ ಅತ್ತಿಗೆ. ವಯಸ್ಸಾದ್ಮ್ಯಾಕೆ ನನಗೂ ಹಂಗೇ ಆಯ್ತದೆ. ಮೊನ್ನೆ ಒಗ್ಗರಣೆಗೆ ಸಾಸಿವೆ ಅಂತ ರಾಗಿ ಹಾಕ್ಬುಟ್ಟೆ."

ಆ ಸಮಾಧಾನದಿಂದ ನನಗೆ ಇನ್ನೂ ಸಿಟ್ಟು ಬಂತು. ನೀರು ಕುಡಿದು, ಲೋಟ ಕೊಟ್ಟು, ಬಾಗಿಲನ್ನು ಹಾಕಿ ತೆಗೆದು ನೋಡುತ್ತ ನಿಂತೆ. ಚಿಲಕ ಕೈಗೆ ಸಿಕ್ಕಿತು. ಅಂಗಳದ ಕಡೆಯೇ ಇತ್ತು. ದನ ಕಟ್ಟಿ, ಹೊರಗೆ ಬಂದು ಚಿಲಕ ಹಾಕಬೇಕಲ್ಲ, ಸರಿಯೇ.

"ನಿಂಗಿ, ರೈಲ್ನಾಗೆ ಚಿಲ್ಕ ಎಲ್ಲಿರ್ತದೆ? ಒಳೀಕೋ ಹೊರೀಕೋ?"

"ಒಳೀಕೆ. ಜನ ಒಳೀಕೆ ತಾನೆ ಇರೋದು?"

ಹೇಳಿದ ಮೇಲೆ ಅವಳಿಗೂ ಹೊಳೆಯಿತು. ಅವಳ ಗಂಡ ಚಿಲಕ ಅಂಗಳಕ್ಕೆ ಬರಲಿ ಎಂದು ಬಾಗಿಲನ್ನು ತಿರುಗಿಸಿ ಹಾಕಿದ್ದರು. ನಾವು ಇಷ್ಟು ಹೊತ್ತು ಕೆರೆದದ್ದು ರೈಲಿನ ಒಳಮೈ. ಹೊರಮೈ ಇಪ್ಪತ್ತೈದು ವರ್ಷದಿಂದ ಹಸುಗಳಿಗೆ ಮುಖ ಮಾಡಿ ನಿಂತಿತ್ತು.

ಹಸುವನ್ನು ಆಚೆ ಕಟ್ಟಿ ಒಳಗೆ ಹೋದೆವು. ಆ ಕಡೆ ಬಣ್ಣ ಯಾರೂ ಬಳಿದಿರಲಿಲ್ಲ, ಸಗಣಿಯ ಸಿಡಿತ ಒಣಗಿ ಒಣಗಿ ಪದರ ಕಟ್ಟಿತ್ತು. ಬಿಸಿನೀರು ಹಾಕಿ ನೆನೆಸಿ, ತಿಕ್ಕಿ ತೊಳೆದೆವು. ನಿಧಾನವಾಗಿ ಬಣ್ಣ ಎದ್ದು ಬಂತು. ಬಾಗಿಲನ್ನು ಬಿಸಿಲಿಗೆ ತೆರೆದೆ.

ಇಟ್ಟಿಗೆಯಲ್ಲ. ಕುಂಕುಮವೂ ಅಲ್ಲ. ವರ್ಷ ಕಳೆದ ಒಣಮೆಣಸಿನಕಾಯಿ ಇರುತ್ತದಲ್ಲ, ಡಬ್ಬಿಯ ತಳದಲ್ಲಿ ಉಳಿದದ್ದು, ಆ ಕೆಂಪು. ಗಂಭೀರವಾದ, ಅಚ್ಚುಕಟ್ಟಾದ ಬಣ್ಣ. ನಾನು ಅದನ್ನು ಜನ್ಮದಲ್ಲಿ ನೋಡಿರಲಿಲ್ಲ.

"ಇದೇಯಾ ಅತ್ತಿಗೆ ನೀವು ಹೇಳಿದ್ದು?" ನಿಂಗಮ್ಮ ಕೇಳಿದಳು.

"ಅಲ್ಲ."

"ಮತ್ತೆ ನೀವು ನೋಡಿದ್ದು ಯಾವ್ದು?"

ಅದು ನನಗೆ ಅಲ್ಲೇ, ಸಗಣಿ ತೊಳೆದ ಬಕೆಟ್ಟಿನ ಮುಂದೆ ನಿಂತಾಗ ತಿಳಿಯಿತು. ಪ್ಲಾಟ್‌ಫಾರಂನಲ್ಲಿ ನಿಂತು ಬುಟ್ಟಿ ಎತ್ತಿ ಹಿಡಿಯುವವಳ ಕಣ್ಣಿಗೆ ನೇರ ಕಾಣುವುದು ಕಿಟಕಿಯ ಕೆಳಗಿನ ಒಂದು ಮೊಳ ತಗಡು. ಅಲ್ಲಿ ಏನಿರುತ್ತದೆ? ಕಲ್ಲಿದ್ದಲಿನ ಮಸಿ, ದಾರಿಯ ಕೆಮ್ಮಣ್ಣು, ಮೇಲಿಂದ ಪ್ರಯಾಣಿಕರು ಉಗಿದ ಎಲೆಅಡಿಕೆ. ಬೆಳಗಿನಿಂದ ಸಂಜೆಯವರೆಗೆ ನಾನು ಮುಖಕ್ಕೆ ಮುಖ ಇಟ್ಟುಕೊಂಡು ನೋಡಿದ್ದು ಅದನ್ನು. ನಾಲ್ಕು ಜಿಲ್ಲೆಯ ಜನ ಉಗಿದದ್ದನ್ನು ರೈಲಿನ ಬಣ್ಣ ಎಂದು ತಿಳಿದು ಮೊಮ್ಮಗಳಿಗೆ ಆಣೆ ಇಟ್ಟು ಹೇಳಿದ್ದೆ.

ಚಾಕುವಿನಿಂದ ಹೆಬ್ಬೆಟ್ಟಿನಷ್ಟು ಒಂದು ಚೂರು ಬಣ್ಣ ಎಬ್ಬಿಸಿ, ಕಾಗದದಲ್ಲಿ ಮಡಿಸಿ, ಕುಪ್ಪಸದೊಳಗೆ ಇಟ್ಟುಕೊಂಡೆ. ನಿಂಗಮ್ಮ ಊಟ ಹಾಕಿದಳು. ಮುದ್ದೆ, ಅವರೆಕಾಳಿನ ಸಾರು. ಚೆನ್ನಾಗಿತ್ತು, ಆದರೆ ನಾನು ಹೊಗಳಲಿಲ್ಲ. ಒಗ್ಗರಣೆಯಲ್ಲಿ ಏನಿದೆ ಎಂದು ಮಾತ್ರ ಸ್ವಲ್ಪ ಗಮನವಿಟ್ಟು ನೋಡಿದೆ.

ವಾಪಸ್ಸು ಬರುವಾಗ ಹಳೇಬೀಡಿನಿಂದ ಜಾವಗಲ್‌ವರೆಗೆ ನನ್ನ ತಲೆಯಲ್ಲಿ ಒಂದೇ ಯೋಚನೆ. ಈ ಚೂರನ್ನು ಬಸ್ಸಿನ ಕಿಟಕಿಯಿಂದ ಎಸೆದುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಬಾಗಿಲು ತುಕ್ಕು ಹಿಡಿದಿತ್ತು, ಏನೂ ಸಿಗಲಿಲ್ಲ ಎಂದರೆ ಆಯಿತು. ರಾಯರ ಮುಂದೆ ನಾನು ಸೋಲುವುದಿಲ್ಲ. ಬೋಗಿ ಮಾಡುವುದು ನಿಂತುಹೋಗುತ್ತದೆ ಅಷ್ಟೇ. ಚೈತ್ರ ಆ ಬಿಳಿ ನೀಲಿಯನ್ನೇ ಮಾಡಲಿ. ಜಾವಗಲ್‌ನಲ್ಲಿ ಬಸ್ಸು ನಿಂತಿತು. ಒಬ್ಬ ಹೆಂಗಸು ಮೊರದಲ್ಲಿ ಬೇಯಿಸಿದ ಕಡಲೆಕಾಯಿ ಇಟ್ಟುಕೊಂಡು ಕಿಟಕಿಯ ಹತ್ತಿರ ಬಂದಳು. ಅವಳ ಕಣ್ಣು ನನ್ನ ಮುಖದ ಮೇಲಿತ್ತು, ದುಡ್ಡು ತೆಗೆಯಲು ನನ್ನ ಕೈ ಕುಪ್ಪಸದ ಹತ್ತಿರ ಹೋಗುತ್ತದೆಯೇ ಎಂದು ನೋಡುತ್ತಿದ್ದಳು. ಬಸ್ಸಿನ ಬಣ್ಣ ಯಾವುದು ಎಂದು ಅವಳನ್ನು ಕೇಳಿದೆ.

"ಯಾವ್ದೋ ಒಂದು ಬುಡಜ್ಜಿ. ತಗೋತಿಯೋ ಇಲ್ವೋ?"

ತಗೊಂಡೆ. ಚೂರನ್ನು ಎಸೆಯಲಿಲ್ಲ. ಇಬ್ಬರು ಹುಡುಗಿಯರ ಕೆಲಸ, ಮೊಮ್ಮಗಳ ಶೆಡ್ಡು, ಇದರ ಮುಂದೆ ನನ್ನ ಮಾನ ಒಂದು ಸೇರು ಕಡಲೆಕಾಯಿಗಿಂತ ದೊಡ್ಡದೇನಲ್ಲ. ದಾರಿಯುದ್ದಕ್ಕೂ ಸಿಪ್ಪೆ ಸುಲಿಯುತ್ತ ಮನೆಗೆ ಬಂದೆ.

ಚೈತ್ರ ಗನ್ನು ತೊಳೆಯುತ್ತಿದ್ದಳು. ಕಾಗದ ಬಿಚ್ಚಿ ಅವಳ ಕೈಗೆ ಕೊಟ್ಟೆ.

"ಇದೇನಜ್ಜಿ, ನೀವು ಹೇಳಿದ್ದಲ್ಲವಲ್ಲ?"

"ನಾನು ಹೇಳಿದ್ದು ತಪ್ಪು. ನಾನು ನೋಡಿದ್ದು ಎಲೆಅಡ್ಕೆ ಉಗುಳು. ಈಗ ನಗೋದಿದ್ರೆ ನಕ್ಬುಡು, ಆಮ್ಯಾಕೆ ಕೆಲ್ಸ ನೋಡು."

ಅವಳು ನಕ್ಕಳು. ಆ ಇಬ್ಬರು ಹುಡುಗಿಯರೂ ನಕ್ಕರು. ಸ್ವಲ್ಪ ಹೆಚ್ಚೇ ನಕ್ಕರು. ಆಮೇಲೆ ಚೈತ್ರ ಚೂರನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ರಾತ್ರಿಯವರೆಗೂ ಕಾಯದೆ ಆ ಗಳಿಗೆಯಲ್ಲೇ ಡಬ್ಬಿಗಳನ್ನು ತೆಗೆದು ಹನಿ ಹನಿ ಸೇರಿಸಿ ಕಲಸಲು ಶುರುಮಾಡಿದಳು. ಏಳನೆಯ ಸಲಕ್ಕೆ ಸರಿಹೋಯಿತು. ಚೂರನ್ನು ಬಣ್ಣದ ಮೇಲೆ ಇಟ್ಟರೆ ಚೂರು ಕಾಣಲಿಲ್ಲ.

"ನನ್ ಮಾತು ಕೇಳ್ಕಂಡು ಮಾಡ್ಬ್ಯಾಡ. ಬಿಳೀದು ಮಾಡಿದ್ರೆ ಖಾತ್ರಿ ಹೋಯ್ತದೆ ಅಂದ್ರೆ ಅದ್ನೇ ಮಾಡು" ಎಂದೆ.

"ಬಿಳಿ ನೀಲಿದು ಎಲ್ಲರೂ ಮಾಡ್ತಾರೆ ಅಜ್ಜಿ. ಇದಕ್ಕೆ ಸಾಕ್ಷಿ ಇರೋದು ನನ್ನೊಬ್ಬಳ ಹತ್ರಾನೇ. ನಾನು ನಿಮ್ಮ ಮಾತಿಗೆ ಮಾಡ್ತಿಲ್ಲ. ಬಾಗಿಲಿನ ಮಾತಿಗೆ ಮಾಡ್ತಿದೀನಿ."

ಸೋಮವಾರ ಪಟ್ಟಿಯಲ್ಲಿ ಮೂರನೆಯ ಬಣ್ಣ ಎಂದು ಅದನ್ನೇ ಬರೆದಳು. ಬಾಗಿಲಿನ ಚೂರನ್ನೂ ಬಣ್ಣ ಹೊಡೆದ ಒಂದು ಬೋಗಿಯನ್ನೂ ಕೊರಿಯರ್‌ನಲ್ಲಿ ಮೈಸೂರಿಗೆ ಕಳಿಸಿದಳು. ಎರಡು ದಿನ ರಾಯರ ಸುದ್ದಿಯಿಲ್ಲ. ಚೈತ್ರ ಮಾತಿಗೆ ಮುಂಚೆ ಫೋನ್ ನೋಡುವಳು, ಮಾತಿನ ನಡುವೆ ಫೋನ್ ನೋಡುವಳು. ನಾನು ತೊಳೆಯಲು ಪಾತ್ರೆ ಸಾಲದೆ ಅಟ್ಟದ ಮೇಲಿನ ಹಿತ್ತಾಳೆ ಸಾಮಾನು ಇಳಿಸಿದೆ.

ಮೂರನೆಯ ದಿನ ಮಧ್ಯಾಹ್ನ ಫೋನ್ ಬಂತು. ಗುಂಪಿನವರೆಲ್ಲ ನೋಡಿದರಂತೆ. ಮಾಡಿದಷ್ಟೂ ಆ ಮೆಣಸಿನಕಾಯಿ ಕೆಂಪಿನ ಬೋಗಿ ತಮಗೇ ಬೇಕೆಂದರು, ಇನ್ನೊಂದು ಸರದಿಗೂ ಈಗಲೇ ಹೇಳಿಟ್ಟರು. ಚೈತ್ರ ಹಾಗೇ ನೆಲದ ಮೇಲೆ ಕೂತುಬಿಟ್ಟಳು. ಹುಡುಗಿಯರಲ್ಲಿ ಒಬ್ಬಳು ಓಡಿಹೋಗಿ ಇನ್ನೊಬ್ಬಳಿಗೆ ಹೇಳಿದಳು, ಅವಳು ಪಕ್ಕದಲ್ಲೇ ಇದ್ದರೂ.

"ಅಜ್ಜಿಗೆ ಕೊಡಮ್ಮ ಫೋನು" ಎಂದರು ರಾಯರು. ಕೈ ಒರೆಸಿಕೊಂಡು ತೆಗೆದುಕೊಂಡೆ.

"ನಮಸ್ಕಾರ ಅಮ್ಮ. ನಾನು ಹೇಳಿದ ಕೆಂಪು ತಪ್ಪು ಅಂತ ಒಪ್ಕೊಳ್ಳಕ್ಕೆ ಫೋನ್ ಮಾಡಿದೆ. ಆ ಪ್ರದರ್ಶನದ ಬೋಗಿಗೆ ಯಾರೋ ಕೈಗೆ ಸಿಕ್ಕಿದ್ದು ಬಳಿದಿದ್ದಾರೆ, ನಾನು ನಂಬಿಬಿಟ್ಟೆ."

"ನಂದೂ ತಪ್ಪೇ ಬುಡಿ ಸ್ವಾಮಿ."

"ಅದೇ ಕೇಳೋಣ ಅಂತ. ಅಷ್ಟು ವರ್ಷ ನೋಡಿದ ನಿಮ್ಮ ಕಣ್ಣಿಗೆ ಆ ಗೊಜ್ಜಿನ ಬಣ್ಣ ಹೆಂಗೆ ಬಂತು? ನನಗೆ ನಿದ್ದೇನೇ ಬರ್ತಿಲ್ಲ."

ಎಲೆಅಡಿಕೆಯ ವಿಷಯ ಒಬ್ಬ ಎಂಜಿನಿಯರಿಗೆ ಫೋನಿನಲ್ಲಿ ಹೇಗೆ ಹೇಳುವುದು? ಹೇಳಿದರೂ ಸಾಕ್ಷಿ ಕೇಳುವ ಮನುಷ್ಯ.

"ಒಂದು ಕೆಲ್ಸ ಮಾಡಿ ಸ್ವಾಮಿ" ಎಂದೆ. "ಆ ಬೋಗೀನ ನಿಮ್ಮ ಗಾಜಿನ ಬೀರುಗೆ ಇಡಬ್ಯಾಡಿ. ರಸ್ತೆ ಕಡೆ ಕಾಂಪೌಂಡ್ ಗೋಡೆ ಮ್ಯಾಲೆ ಇಡಿ. ಒರೆಸ್ಬ್ಯಾಡಿ, ತೊಳೀಬ್ಯಾಡಿ. ಮಳೆ ಬಂದ್ರೆ ಬರ್ಲಿ, ಲಾರಿ ಹೋದ್ರೆ ಹೋಗ್ಲಿ. ನೀವು ಎಲೆಅಡ್ಕೆ ಹಾಕ್ತೀರಾ?"

"ಊಟ ಆದ್ಮೇಲೆ ಒಂದು ಸಲ."

"ಸಾಕು. ಅದ್ನ ಹೆಂಗೆ ಉಪಯೋಗಿಸ್ಬೇಕು ಅಂತ ನಿಮಗೇ ಗೊತ್ತಾಯ್ತದೆ. ಒಂದು ತಿಂಗ್ಳು ಬಿಟ್ಟು ನೋಡಿ, ಆಮ್ಯಾಕೆ ನನಗೆ ಫೋನ್ ಮಾಡಿ."

"ಆಗ್ಲಿ ಅಮ್ಮ, ಇಟ್ಟು ನೋಡ್ತೀನಿ" ಎಂದರು. ತಮಾಷೆ ಮಾಡುವ ದನಿಯಲ್ಲ, ನಿಜವಾಗಿಯೂ ಇಡುವವರ ದನಿ. ಇಟ್ಟಿದ್ದಾರೆ ಕೂಡ, ಚೈತ್ರಳಿಗೆ ಫೋಟೋ ಕಳಿಸಿದ್ದರು. ತಿಂಗಳಾಗುವುದಕ್ಕೆ ಇನ್ನು ಒಂಬತ್ತು ದಿನ ಇದೆ.